ಸಾಗರದಲ್ಲಿ ಸಮುದ್ರ ಎಲ್ಲಿದೆ?

ಪ್ರಶ್ನೆ: ಸಮುದ್ರವೇ ಇಲ್ಲದ ಊರಿಗೆ ಸಾಗರ ಅಂತ ಹೆಸರೇಕೆ? ಮಧ್ಯಪ್ರದೇಶದಲ್ಲೂ ಒಂದು ಸಾಗರ ಇದೆಯಂತಲ್ಲ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಕಡಲು ನೋಡಬೇಕಾದರೆ ನಮ್ಮ ಸಾಗರದವರು ಘಟ್ಟ ಇಳಿಯಲೇಬೇಕು! ನಮ್ಮ ಹಿಂದಿನವರು ದೊಡ್ಡ ಕೆರೆಗೂ ‘ಸಾಗರ’, ‘ಸಮುದ್ರ’ ಅನ್ನುತ್ತಿದ್ದರು. ನಿಮ್ಮ ಜಿಲ್ಲೆಯ ಸೂಳೆಕೆರೆಯೇ ಶಾಂತಿಸಾಗರ ಅಲ್ಲವೇ? ಶಿವಮೊಗ್ಗ ಜಿಲ್ಲೆಯ ಸಾಗರಕ್ಕೆ ಹೆಸರು ಬಂದದ್ದು ಕೆಳದಿಯ ಸದಾಶಿವ ನಾಯಕನ ಹೆಸರಿನ ಸದಾಶಿವಸಾಗರದಿಂದ. ಈಗ ಅದನ್ನು ಗಣಪತಿ ಕೆರೆ ಅಂದರೇ ಜನಕ್ಕೆ ಗೊತ್ತಾಗುವುದು. ಮಧ್ಯಪ್ರದೇಶದ ಸಾಗರದ್ದೂ ಕೆರೆಯ ಕಥೆಯೇ. ಅಲ್ಲಿನದು ಲಾಖಾ ಬಂಜಾರಾ ಕೆರೆ. ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನಲ್ಲಿ ಇನ್ನೊಂದು ಸಾಗರ ಇದೆ.

ರೈಲಿನವರು ಗೊಂದಲ ಬೇಡವೆಂದು ನಮ್ಮ ನಿಲ್ದಾಣಕ್ಕೆ ‘ಸಾಗರ ಜಂಬಗಾರು’ ಎಂದು ಬರೆದಿದ್ದಾರೆ. ಕೊರಿಯರ್‌ನವರಿಗೆ ಅಷ್ಟು ತಾಳ್ಮೆ ಎಲ್ಲಿ? ಅತ್ತಿಗೆಗೆ ಕಳಿಸಿದ ನನ್ನ ಪುಸ್ತಕದ ಕಟ್ಟು ಒಮ್ಮೆ ಮಧ್ಯಪ್ರದೇಶ ಸುತ್ತಿ ಬಂತು. ಅಂದಿನಿಂದ ವಿಳಾಸದಲ್ಲಿ 577401 ಅಂತ ಪಿನ್ ಕೋಡ್ ದಪ್ಪಗೆ ಬರೆದು, ಕೆಳಗೆ ಗೆರೆ ಎಳೆಯುತ್ತೇನೆ.