ಉ: ಮಾಲ್ಟೀಸ್‌ನಲ್ಲಿ ಅಜ್ಜನಿಗೆ ಅರಬಿ ಪದ ಯಾಕಿಲ್ಲ?

ನಿಮ್ಮ ಪ್ರಶ್ನೆ ಚೆನ್ನಾಗಿದೆ. ಮಾಲ್ಟೀಸ್ ಅಂದರೆ ಮಾಲ್ಟಾ ದ್ವೀಪದವರ ಮಾತು, ಅರಬಿ ಮೂಲದ ಭಾಷೆ, ಆದರೂ ಅಜ್ಜನನ್ನು ಅರಬಿಯ 'ಜದ್ದ್' ಅನ್ನದೆ 'ನನ್ನು' ಅನ್ನೋದು ಯಾಕೆ ಅಂತ ಕೇಳಿದ್ದೀರಿ, ಅಲ್ವಾ?

ಅದು ಪಕ್ಕದ ಇಟಲಿಯ ದ್ವೀಪ ಸಿಸಿಲಿಯಿಂದ ಬಂದ ಪದ. ಅಲ್ಲಿನ ಭಾಷೆ ಸಿಸಿಲಿಯನ್‌ನಲ್ಲೂ ಅಜ್ಜ 'ನನ್ನು', ಅಜ್ಜಿ 'ನನ್ನ'. ಇಟಾಲಿಯನ್‌ನದು 'ನೊನ್ನೊ'. ಮಾಲ್ಟಾದವರು ಇಟಾಲಿಯನ್‌ನಿಂದ ತಗೊಂಡಿದ್ದರೆ ಮೊದಲಲ್ಲಿ 'ನೊ' ಇರಬೇಕಿತ್ತು. 1091ರಲ್ಲಿ ನಾರ್ಮನ್ ದೊರೆ ರೋಜರ್ ಮಾಲ್ಟಾಕ್ಕೆ ದಾಳಿ ಮಾಡಿದ ಮೇಲೆ ದ್ವೀಪ ಶತಮಾನಗಳ ಕಾಲ ಸಿಸಿಲಿಯ ನೆರಳಲ್ಲೇ ಇತ್ತು. ಪದಗಳು ದಂಡಿಯಾಗಿ ಬಂದವು.

ಅಜ್ಜ ಒಬ್ಬನೇ ಅಲ್ಲ, ಅಪ್ಪನಿಗಿರೋ ಮಾಲ್ಟೀಸ್ ಪದ 'ಮಿಸ್ಸಿಯೆರ್' ಕೂಡ ಎರವಲೇ! ಅದು ಮೂಲದಲ್ಲಿ 'ಯಜಮಾನರೇ' ಅನ್ನೋ ಗೌರವದ ಕರೆ. ಅಮ್ಮ ಮಾತ್ರ ಅರಬಿಯ 'ಒಮ್ಮ್' ಆಗಿಯೇ ಉಳಿದಳು. ಅಣ್ಣತಮ್ಮ, ಅಕ್ಕತಂಗಿಯರ ಪದಗಳೂ ಅರಬಿಯವೇ.

ನನಗೆ ಜಾಸ್ತಿ ಇಷ್ಟವಾದದ್ದು ಎರವಲು ಪದವನ್ನು ಪಳಗಿಸಿದ ರೀತಿ. ಅರಬಿಯಲ್ಲಿ ನಾಮಪದದ ಮುಂದೆ ಬರೋ 'ಅಲ್' (ಇಂಗ್ಲಿಷಿನ 'ದ' ಥರ) ಇಲ್ಲಿ 'ಇಲ್', ಅದು 'ನ' ಮುಂದೆ 'ಇನ್' ಆಗಿ 'ಇನ್-ನನ್ನು'. ಅಜ್ಜ-ಅಜ್ಜಿ ಇಬ್ಬರೂ ಸೇರಿದರೆ 'ನನ್ನಿಯೆತ್', ಅರಬಿ ಬಗೆಯ ಬಹುವಚನ. ಸಿಸಿಲಿಯಲ್ಲಿ ಸುಮ್ನೆ 'ನನ್ನಿ'.

ಮುತ್ತಜ್ಜ ಮಾಲ್ಟೀಸ್‌ನಲ್ಲಿ 'ಬುಝ್ನನ್ನು'. ಸಿಸಿಲಿಯನ್‌ನಲ್ಲಿ 'ಬಿಸ್ನನ್ನು' ಜೊತೆಗೆ 'ಕತನನ್ನು' ಅಂತಲೂ ಇದೆ, ಆ 'ಕತ' ಗ್ರೀಕ್.

ಅಂದಹಾಗೆ, ಸಿಸಿಲಿಯ ತೆರ್ಮಿನಿ ಇಮೆರೆಸೆ ಊರಿನ ಕಾರ್ನಿವಲ್‌ನಲ್ಲಿ 'ನನ್ನು' ಅನ್ನೋ ಗೊಂಬೆಯ ಮೆರವಣಿಗೆ ನಡೆಯುತ್ತದೆ. ಕೊನೆಗೆ ಅವನ ಉಯಿಲು ಓದಿ, ಗೊಂಬೆಯನ್ನು ಸುಡುತ್ತಾರೆ.