ಓದುಗರ ಪ್ರಶ್ನೆ: ತೊಗರಿಗೆ ಹೊಡೆದ ಎಣ್ಣೆ, ಎಮ್ಮೆಯ ಹಾಲು

ಪ್ರಶ್ನೆ: ಸರ್, ತೊಗರಿಗೆ ಕಾಯಿಕೊರಕ ಬಿದ್ದಿತ್ತು, ಪ್ರೊಫೆನೊಫಾಸ್ ಅನ್ನೋ ಎಣ್ಣೆ (ಕೀಟನಾಶಕ) ಹೊಡೆಸಿದ್ವಿ. ಮರುದಿನ ಎಮ್ಮೆ ಹಗ್ಗ ಕಿತ್ಕೊಂಡು ಹೋಗಿ ಬದುವಿನ ಹುಲ್ಲು ಮೇಯ್ದಿದೆ. ಆರಾಮಾಗೇ ಇದೆ. ಹಾಲು ಮಕ್ಕಳಿಗೆ ಕೊಡಬಹುದಾ? ಎಣ್ಣೆ ಹೊಡೆದ ನಮ್ಮ ಅಣ್ಣನಿಗೆ ಮಾತ್ರ ಆ ರಾತ್ರಿಯಿಂದ ತಲೆಸುತ್ತು. ಅಂಗಡಿಯವರು ಇದೇನು ಅಷ್ಟು ಸ್ಟ್ರಾಂಗ್ ಅಲ್ಲ ಅಂದಿದ್ರು.
— ಜೇವರ್ಗಿ ತಾಲೂಕಿನ ಓದುಗರು

ಉತ್ತರ: ಎಮ್ಮೆ ಇರಲಿ, ಮೊದಲು ಅಣ್ಣನನ್ನು ಆಸ್ಪತ್ರೆಗೆ ಕರ್ಕೊಂಡು ಹೋಗಿ. ಎಣ್ಣೆಯ ಡಬ್ಬಿಯನ್ನೂ ಒಯ್ಯಿರಿ, ಅದನ್ನು ತೊಳೆದು ಎಸೆಯಬೇಡಿ. ಪ್ರೊಫೆನೊಫಾಸ್ ಆರ್ಗನೊಫಾಸ್ಫೇಟ್ ಗುಂಪಿನದು, ನರಗಳ ಕೆಲಸಕ್ಕೆ ಬೇಕಾದ ಒಂದು ಕಿಣ್ವವನ್ನು ತಡೆಯುತ್ತದೆ. ಜೊಲ್ಲು, ಕಣ್ಣೀರು, ಬೆವರು, ಮೈ ನಡುಕ, ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಸಣ್ಣದಾಗುವುದು, ಇವು ಮನುಷ್ಯರಲ್ಲೂ ದನದಲ್ಲೂ ಕಾಣುವ ಲಕ್ಷಣಗಳು. ಇದಕ್ಕೆ ಅಟ್ರೋಪಿನ್ ಅನ್ನೋ ಮದ್ದು ಇದೆ, ಆದರೆ ಅದೇ ಕಾಯಿಕೊರಕಕ್ಕೆ ಹೊಡೆಯುವ ಎಮಾಮೆಕ್ಟಿನ್‌ನ ವಿಷಕ್ಕೆ ಅದು ಮದ್ದಲ್ಲ, ಅದಕ್ಕೇ ಡಬ್ಬಿ ಬೇಕು ಅಂದದ್ದು.

ಇನ್ನು 'ಸ್ಟ್ರಾಂಗ್' ಅನ್ನೋ ಮಾತು. ಡಬ್ಬಿಯ ಮೇಲೆ ಬಣ್ಣದ ತ್ರಿಕೋನ ಇರುತ್ತದೆ: ಕೆಂಪು, ಹಳದಿ, ನೀಲಿ, ಹಸಿರು. ಕೆಂಪು ಅಂದರೆ ಇಲಿಯ ತೂಕದ ಒಂದು ಕಿಲೋಗೆ 50 ಮಿ.ಗ್ರಾಂ ಒಳಗೇ ಬಾಯಿಗೆ ಹೋದರೆ ಅರ್ಧ ಇಲಿಗಳು ಸಾಯುವಷ್ಟು ವಿಷ, ಹಸಿರು ಅಂದರೆ 5000ಕ್ಕೂ ಜಾಸ್ತಿ ಬೇಕು. ಆದರೆ ಈ ಬಣ್ಣ ಹೇಳುವುದು ಒಂದೇ ಸಲ ಹೋದರೆ ಏನಾಗುತ್ತೆ ಅನ್ನೋದನ್ನು ಮಾತ್ರ. ಪಂಪು ಸೋರಿ ಬೆನ್ನೆಲ್ಲ ತೊಯ್ದು, ಅದೇ ಅಂಗಿಯಲ್ಲಿ ಸಂಜೆವರೆಗೂ ಹೊಡೆದು, ಪ್ರತಿ ಹಂಗಾಮಿನಲ್ಲೂ ಹಾಗೇ ಮಾಡಿದರೆ ಏನಾಗುತ್ತೆ ಅಂತ ಬಣ್ಣ ಹೇಳುವುದಿಲ್ಲ. ವಿಷ ಎಷ್ಟು ಚುರುಕು, ಅದು ಮೈಯೊಳಗೆ ಎಷ್ಟು ಹೋಯಿತು, ಇವೆರಡನ್ನೂ ಸೇರಿಸಿ ನೋಡಿದಾಗಲೇ ಅಪಾಯ ತಿಳಿಯೋದು. ಹೊಲದಲ್ಲಿ ಹೊಡೆಯುವವರಿಗೆ ಮುಖ್ಯ ದಾರಿ ಚರ್ಮ, ಬಾಯಿ ಅಲ್ಲ.

ತೂಕವೂ ಲೆಕ್ಕಕ್ಕೆ ಬರುತ್ತೆ. ಅದೇ 40 ಮಿ.ಗ್ರಾಂ ವಿಷ 400 ಕಿಲೋ ಎಮ್ಮೆಗೆ ಕಿಲೋಗೆ 0.1 ಮಿ.ಗ್ರಾಂ, 10 ಕಿಲೋ ಮಗುವಿಗೆ ಕಿಲೋಗೆ 4 ಮಿ.ಗ್ರಾಂ. ಎಮ್ಮೆ ಆರಾಮಾಗಿದೆ ಅಂತ ಮಗುವಿಗೂ ಏನೂ ಆಗಲ್ಲ ಅನ್ನೋಕೆ ಆಗಲ್ಲ ಅಲ್ವಾ? ಅದಕ್ಕೇ ಆಹಾರದಲ್ಲಿ ದಿನಕ್ಕೆ ಎಷ್ಟು ಹೋಗಬಹುದು ಅನ್ನೋ ಮಿತಿ ಇಡುವಾಗ, ಪ್ರಾಣಿಗಳಲ್ಲಿ ಏನೂ ಕೆಡುಕು ಕಾಣದ ಪ್ರಮಾಣವನ್ನು ಸಾಮಾನ್ಯವಾಗಿ 100ರಿಂದ ಭಾಗಿಸುತ್ತಾರೆ. ಪ್ರಾಣಿಗೂ ಮನುಷ್ಯರಿಗೂ ಇರುವ ವ್ಯತ್ಯಾಸಕ್ಕೆ 10, ಮನುಷ್ಯರಲ್ಲೇ ಇರುವ ವ್ಯತ್ಯಾಸಕ್ಕೆ ಇನ್ನೊಂದು 10.

ಹಾಗಾಗಿ ಪಶುವೈದ್ಯರು ನೋಡಿ ಸರಿ ಅನ್ನುವವರೆಗೆ ಆ ಹಾಲು ಮಕ್ಕಳಿಗೂ ಬೇಡ, ಡೈರಿಗೂ ಬೇಡ. ಕಾಯಿಸಿದರೆ ವಿಷ ಹೋಗುತ್ತೆ ಅಂತ ನಂಬ್ಕೊಂಡು ಕೂರಬೇಡಿ. ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ ಕೇಳಬಹುದು.

ಪ್ರಶ್ನೆ: ದನಕ್ಕೆ ಉಣ್ಣಿ ಹೋಗಲು ಹಚ್ಚುವ ಪರ್ಮೆತ್ರಿನ್ ಬೆಕ್ಕಿಗೂ ಹಚ್ಚಬಹುದಾ?
— ಹುಮನಾಬಾದ್ ಓದುಗರು

ಉತ್ತರ: ಬೇಡವೇ ಬೇಡ. ಅದನ್ನು ಒಡೆದು ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ತೀರಾ ಕಡಿಮೆ. ನಡುಕ, ಫಿಟ್ಸ್ ಬಂದು ಸಾಯಲೂಬಹುದು. ಈಗಾಗಲೇ ಹಚ್ಚಿದ್ದರೆ, ಕೈಗೆ ಗ್ಲೌಸ್ ಹಾಕ್ಕೊಂಡು ಉಗುರುಬೆಚ್ಚಗಿನ ನೀರಲ್ಲಿ ಪಾತ್ರೆ ತೊಳೆಯೋ ಲಿಕ್ವಿಡ್ ಹಾಕಿ ಮೈ ತೊಳೆದು, ಕೂಡಲೇ ಪಶು ಆಸ್ಪತ್ರೆಗೆ ಒಯ್ಯಿರಿ.