ಟೈಮಿಗೆ ಮುಗಿಸಿದರೂ ಸ್ಟೇಕ್‌ಹೋಲ್ಡರ್‌ಗಳಿಗೆ ಸಮಾಧಾನವಿಲ್ಲ, ಯಾಕೆ?

ಪ್ರಾಜೆಕ್ಟನ್ನು ಟೈಮಿಗೆ ಮುಗಿಸಿದ್ದೀರಿ, ಬಜೆಟ್ ಮೀರಿಲ್ಲ, ಆದರೂ ಸ್ಟೇಕ್‌ಹೋಲ್ಡರ್‌ಗಳು, ಅಂದರೆ ಆ ಪ್ರಾಜೆಕ್ಟಿಗೆ ಸಂಬಂಧಪಟ್ಟವರು, ಗೊಣಗುತ್ತಿದ್ದಾರೆ, ಏನು ಮಾಡಲಿ ಅಂತ ಕೇಳಿದ್ದೀರಿ.

ಮೊದಲಿಗೆ, ಎಲ್ಲರನ್ನೂ ಖುಷಿಪಡಿಸಲು ಹೊರಡಬೇಡಿ. ಅದು ಆಗದ ಮಾತು. ಫೈನಾನ್ಸ್‌ನವರಿಗೆ ಖರ್ಚು ಇಳಿಯಬೇಕು, ಸೇಲ್ಸ್‌ನವರಿಗೆ ಹೊಸ ಫೀಚರ್ ಬೇಕು. ನಾನು ನೋಡಿದ ಹಾಗೆ, "ಆಗಲ್ಲ" ಅಂದರೆ ಜನ ಸಹಿಸಿಕೊಳ್ಳುತ್ತಾರೆ. ತಮ್ಮನ್ನು ಕೇಳಲೇ ಇಲ್ಲ ಅಂದರೆ ಸಹಿಸುವುದಿಲ್ಲ.

ಇದಕ್ಕೊಂದು ಉದಾಹರಣೆ: ಅಮೆರಿಕದ ಡೆನ್ವರ್ ವಿಮಾನ ನಿಲ್ದಾಣದಲ್ಲಿ ಲಗೇಜ್ ಸಾಗಿಸಲು ಆಟೊಮ್ಯಾಟಿಕ್ ವ್ಯವಸ್ಥೆ ಕಟ್ಟಿದರು. ಅದನ್ನು ಬಳಸಬೇಕಾದ ಏರ್‌ಲೈನ್‌ಗಳೇ ಮೊದಲ ಮಾತುಕತೆಯಲ್ಲಿ ಇರಲಿಲ್ಲ. ಆಮೇಲೆ ಬಂದು ಒಂದೊಂದೇ ಬದಲಾವಣೆ ಕೇಳಿದರು. ತಾಂತ್ರಿಕ ತೊಂದರೆಗಳೂ ಸಾಕಷ್ಟಿದ್ದವು ಬಿಡಿ. 1993ರಲ್ಲಿ ಶುರುವಾಗಬೇಕಿದ್ದ ನಿಲ್ದಾಣ ಶುರುವಾದದ್ದು 1995ರ ಫೆಬ್ರವರಿಯಲ್ಲಿ.

ಪವರ್-ಇಂಟರೆಸ್ಟ್ ಗ್ರಿಡ್ ಬಗ್ಗೆ ನೀವೂ ಓದಿರುತ್ತೀರಿ, ಸ್ಟೇಕ್‌ಹೋಲ್ಡರ್‌ಗಳನ್ನು ಅವರ ಅಧಿಕಾರ ಮತ್ತು ಆಸಕ್ತಿ ನೋಡಿ ನಾಲ್ಕು ಗುಂಪು ಮಾಡುವ ಚೌಕ. ಅಧಿಕಾರ ಕಡಿಮೆ, ಆಸಕ್ತಿ ಜಾಸ್ತಿ ಇರುವವರಿಗೆ ಸುಮ್ನೆ ಮಾಹಿತಿ ಕೊಡುತ್ತಿದ್ದರೆ ಸಾಕು ಅನ್ನುತ್ತದೆ ಅದು. ನನಗೆ ಇದು ಒಪ್ಪಿಗೆಯಿಲ್ಲ. ಬಿಲ್ಲಿಂಗ್ ಸಾಫ್ಟ್‌ವೇರನ್ನೇ ತಗೊಳ್ಳಿ. ಡೆಮೊದಲ್ಲಿ ಮ್ಯಾನೇಜರ್ ಡ್ಯಾಶ್‌ಬೋರ್ಡ್ (ಎಲ್ಲ ಲೆಕ್ಕ ಒಂದೇ ಕಡೆ ತೋರಿಸುವ ಪರದೆ) ನೋಡಿ ತಲೆದೂಗುತ್ತಾರೆ. ದಿನವಿಡೀ ಬಿಲ್ ಎಂಟ್ರಿ ಮಾಡುವವರಿಗೆ ಬೇಕಿರುವುದು ಟ್ಯಾಬ್ ಒತ್ತಿದರೆ ಕರ್ಸರ್ ಮುಂದಿನ ಬಾಕ್ಸಿಗೆ ಹೋಗುವುದು, ಅಷ್ಟೇ. ಹೋಗದಿದ್ದರೆ ಪ್ರತಿ ಬಿಲ್ಲಿಗೂ ಮೌಸ್ ಹಿಡಿಯಬೇಕು. ಸ್ವಲ್ಪ ದಿನದಲ್ಲೇ ಅವರು ಹಳೇ ಎಕ್ಸೆಲ್‌ಗೆ ವಾಪಸ್. ತಿಂಗಳ ಕೊನೆಗೆ ಡ್ಯಾಶ್‌ಬೋರ್ಡ್ ಖಾಲಿ, ಮ್ಯಾನೇಜರ್ ಗರಂ. ಹಾಗಾಗಿ ಕೆಲಸ ಅರ್ಧದಲ್ಲಿರುವಾಗಲೇ ಕೀಬೋರ್ಡನ್ನು ಅವರ ಕೈಗೆ ಕೊಟ್ಟು, ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ಕೂರಬೇಕು. ವಿವರಿಸಲು ಹೋದರೆ ಕೆಟ್ಟಿತು.

ಶುರುವಿನಲ್ಲೇ ಪ್ರತಿಯೊಬ್ಬರನ್ನೂ ಬೇರೆ ಬೇರೆಯಾಗಿ ಕೇಳಿ: "ಇದು ಬಳಕೆಗೆ ಬಂದ ಮೊದಲ ತಿಂಗಳಲ್ಲಿ ಏನು ಕಂಡರೆ ಕೆಲಸ ಆಗಿದೆ ಅಂತೀರಿ?" ಉತ್ತರಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಆ ಜಗಳ ಆಗಲೇ ಆಗಿಹೋಗಲಿ, ತೀರ್ಮಾನ ಸ್ಪಾನ್ಸರ್, ಅಂದರೆ ಪ್ರಾಜೆಕ್ಟಿಗೆ ದುಡ್ಡು, ಒಪ್ಪಿಗೆ ಕೊಟ್ಟ ಮೇಲಧಿಕಾರಿ, ಮಾಡಲಿ, ಬರೆದಿಡಿ. ನಡುವೆ ಯಾರಾದರೂ ಹೊಸದೇನಾದರೂ ಕೇಳಿದರೆ, ಅದಕ್ಕೆ ಎಷ್ಟು ದಿನ ಹಿಡಿಯುತ್ತದೆ, ಯಾವುದನ್ನು ಕೈಬಿಡಬೇಕಾಗುತ್ತದೆ ಅಂತ ಹೇಳಿ, ಆಯ್ಕೆ ಅವರಿಗೇ ಬಿಡಿ. ತಡವಾಗುವ ಸುಳಿವು ಸಿಕ್ಕಿದ ದಿನವೇ ಫೋನ್ ಮಾಡಿ. ಸ್ಟೇಟಸ್ ರಿಪೋರ್ಟ್‌ನಲ್ಲಿ ಮೊನ್ನೆವರೆಗೂ ಹಸಿರು (ಎಲ್ಲ ಸರಿ) ಇದ್ದದ್ದು ಇವತ್ತು ಕೆಂಪು (ತೊಂದರೆ) ಆದರೆ ಯಾರಿಗೆ ತಾನೇ ನಂಬಿಕೆ ಉಳಿಯುತ್ತದೆ, ಅಲ್ವಾ?

ಈಗ ನಿಮ್ಮ ವಿಷಯ. ಸರ್ವೆ ಫಾರ್ಮ್ ಕಳಿಸಬೇಡಿ, ಐದಕ್ಕೆ ಮೂರು ಅಂತ ಹಾಕಿದರೆ ನಿಮಗೇನೂ ಗೊತ್ತಾಗುವುದಿಲ್ಲ. ಜಾಸ್ತಿ ಗೊಣಗುತ್ತಿರುವವರ ಜೊತೆ ಅರ್ಧ ಗಂಟೆ ಕೂತು, ದಿನದ ಕೆಲಸ ಎಲ್ಲಿ ಸಿಕ್ಕಿಕೊಳ್ಳುತ್ತಿದೆ ಅಂತ ತೋರಿಸಲು ಹೇಳಿ. ಅದರಲ್ಲಿ ಎರಡು ಸಣ್ಣದನ್ನು ಇದೇ ವಾರ ಸರಿಮಾಡಿಕೊಡಿ. ದೊಡ್ಡದರ ಮಾತು ಆಮೇಲೆ.